ಬಾರದವರ ಲೆಕ್ಕ ಬರೆದವರು



ನೀವು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರಾದರೆ ‘ಇವನನ್ನು ಧಾರವಾಡಕ್ಕೆ ಸೇರಿಸಬೇಕು’ ಎಂಬ ಚೇಷ್ಟೆಯ ಮಾತನ್ನು ಕೇಳಿರಬಹುದು. ಆ ಮಾತಿನ ಹಿಂದೆ ಒಂದು ಚರಿತ್ರೆಯೇ ಇದೆ. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮ ಇಂಗ್ಲಿಷರ ವಿರುದ್ಧ ಹೋರಾಡಿದ್ದು 1824ರಲ್ಲಿ. ಅದಾಗಿ 21 ವರ್ಷಕ್ಕೆ, 1845ರಲ್ಲಿ, ಅದೇ ಇಂಗ್ಲಿಷರು ಧಾರವಾಡದಲ್ಲಿ ಮಾನಸಿಕ ರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಇಂದಿನ ಡಿಮ್ಹಾನ್ಸ್ ಸಂಸ್ಥೆ ಬೆಳೆದು ಬಂದದ್ದು ಅದರಿಂದಲೇ. ಕಿತ್ತೂರಿನಿಂದ ಅದು ಸುಮಾರು 30 ಕಿಲೋಮೀಟರು. ರಾಮದುರ್ಗದ ಹಳ್ಳಿಯವರಿಗಾದರೋ ಕೂಲಿ ಬಿಟ್ಟು ಹೋಗಬೇಕಾದ ದೂರ.

ಆಸ್ಪತ್ರೆಯ ದಫ್ತರದಲ್ಲಿ ಬಂದವರ ಹೆಸರು ಇರುತ್ತದೆ. ಬಾರದವರದು? ಒಳಕೋಣೆಯಲ್ಲಿ ಕೂಡಿಹಾಕಿದ ಮಗ, ಮೂರ್ಛೆ ಬರುತ್ತದೆಂದು ಶಾಲೆ ಬಿಡಿಸಿದ ಹುಡುಗಿ, ಎಲ್ಲಮ್ಮನ ಗುಡ್ಡಕ್ಕೆ ಹರಕೆ ಒಪ್ಪಿಸಿ ಬಂದು ಮುಂದೇನೆಂದು ತೋಚದೆ ಕುಳಿತ ಮನೆಯವರು. ಇಂಥವರು ಒಂದು ತಾಲೂಕಿನಲ್ಲಿ ಎಷ್ಟಿದ್ದಾರೆಂದು ತಿಳಿಯದಿದ್ದರೆ ಎಷ್ಟು ಗುಳಿಗೆ ಬೇಕು, ಎಷ್ಟು ವೈದ್ಯರು ಬೇಕು ಎಂದು ಹೇಳುವವರು ಯಾರು? ಈ ಪ್ರಶ್ನೆಯನ್ನು ಹಿಡಿದು ಮನೆಮನೆಗೆ ಹೋದವರು ನಮ್ಮ ರಾಜ್ಯದಲ್ಲೇ ಇದ್ದಾರೆ.

ಅವರನ್ನು ಕಾಣಲು ಮೊದಲು ಕರಾವಳಿಗೆ ಹೋಗೋಣ. ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಮನೋವೈದ್ಯ ಆರ್.ಎಲ್. ಕಪೂರ್ ಅಧ್ಯಯನ ನಡೆಸಿದರು. ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳ ಮನೆಗಳಲ್ಲಿ ಅವರು ವಿಚಾರಿಸಿದರು. ಎಡಿನ್‌ಬರೋದಲ್ಲಿ ಕೇಳುವ ಪ್ರಶ್ನೆಯನ್ನು ಕೋಟದಲ್ಲಿ ಹಾಗೆಯೇ ಕೇಳಿದರೆ ಏನು ಉತ್ತರ ಸಿಕ್ಕೀತು? ನಮ್ಮ ಜನ ‘ಮನಸ್ಸಿಗೆ ಖಿನ್ನತೆ’ ಎನ್ನುವುದಿಲ್ಲ. ‘ಎದೆ ಡವಗುಟ್ಟುತ್ತದೆ’, ‘ಮೈಯೆಲ್ಲ ಉರಿ’ ಎನ್ನುತ್ತಾರೆ. ಅದಕ್ಕಾಗಿ ಕಪೂರ್, ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಭಾರತಕ್ಕೆ ಹೊಂದುವ ಸಂದರ್ಶನದ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ 1974ರಲ್ಲಿ ಪ್ರಕಟಿಸಿದರು. ಕೋಟದ ಕುರಿತ ಅವರ ಪುಸ್ತಕ ಬಂದದ್ದು 1976ರಲ್ಲಿ. ಕೋಟದ ಜನ ವೈದ್ಯರ ಬಳಿಗೂ ಹೋಗುತ್ತಿದ್ದರು, ಮಂತ್ರವಾದಿ, ಪಾತ್ರಿಗಳ ಬಳಿಗೂ ಹೋಗುತ್ತಿದ್ದರು. ಇದರಲ್ಲಿ ಅವರಿಗೆ ವಿರೋಧ ಕಾಣಲಿಲ್ಲ. ಪೇಟೆಯ ವಿದ್ಯಾವಂತರು ಇದನ್ನು ಮೂಢನಂಬಿಕೆ ಎಂದು ಬದಿಗೆ ತಳ್ಳಿಬಿಡುತ್ತಿದ್ದರೇನೋ. ಸಂಶೋಧಕರು ಹಾಗೆ ಮಾಡದೆ ಬರೆದುಕೊಂಡರು. ನನಗೆ ಅವರಲ್ಲಿ ಮೆಚ್ಚುಗೆಯಾಗುವುದು ಈ ಗುಣವೇ.

ಕಪೂರ್ ಅವರು ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಮುದಾಯ ಮಾನಸಿಕ ಆರೋಗ್ಯದ ಕೆಲಸಕ್ಕೆ ಬುನಾದಿ ಹಾಕಿದರು. ಬನ್ನೇರುಘಟ್ಟದ ಕಡೆಯ ಸಕಲವಾರ ಅದರ ಪ್ರಯೋಗಶಾಲೆಯಾಯಿತು. ರೋಗಿಯನ್ನು ಹುಡುಕಲು ಎಷ್ಟು ಖರ್ಚು ಎಂಬ ಪ್ರಶ್ನೆಯನ್ನೂ ಅವರು ಬಿಡಲಿಲ್ಲ. ರೋಗಿಗಳನ್ನು ಗುರುತಿಸುವ ಮೂರು ವಿಧಾನಗಳನ್ನು ಒಂದೇ ಜನಸಮುದಾಯದಲ್ಲಿ ಪ್ರಯೋಗಿಸಿ, ಖರ್ಚು ಮತ್ತು ಫಲಗಳನ್ನು ಹೋಲಿಸಿದ ಲೇಖನವನ್ನು ಮೋಹನ್ ಐಸಾಕ್ ಮತ್ತು ಕಪೂರ್ 1980ರಲ್ಲಿ ಪ್ರಕಟಿಸಿದರು. ಬಡದೇಶದಲ್ಲಿ ಇದು ಸಣ್ಣ ವಿಷಯವಲ್ಲ. ತನ್ನಷ್ಟಕ್ಕೆ ಮಾತನಾಡಿಕೊಳ್ಳುವವನನ್ನು, ಮೂರ್ಛೆ ಬೀಳುವವನನ್ನು ಮನೆಯವರೇ ತೋರಿಸಿಕೊಡಬಲ್ಲರು. ಒಳಗೊಳಗೇ ಕೊರಗುವ ಸೊಸೆಯ ವಿಷಯ ಅತ್ತೆಯನ್ನು ಕೇಳಿದರೆ ತಿಳಿಯುತ್ತದೆಯೇ, ನೀವೇ ಯೋಚಿಸಿ.

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಜಾರಿಗೆ ಬಂತು. ಅದನ್ನು ಒಂದಿಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ನಿಮ್ಹಾನ್ಸ್ ಆರಿಸಿಕೊಂಡದ್ದು ನಿಮ್ಮಂತೆಯೇ ಬಯಲುಸೀಮೆಯ ಬಳ್ಳಾರಿಯನ್ನು. 1985ರಿಂದ 1990ರವರೆಗೆ ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಮೊದಲಾದವರ ಬಳಗ ಅಲ್ಲಿ ದುಡಿಯಿತು. ಇವರಲ್ಲಿ ಚಂದ್ರಶೇಖರ್ ಅವರನ್ನು ಅವರ ಕನ್ನಡ ಪುಸ್ತಕಗಳಿಂದ ನೀವು ಬಲ್ಲಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತೆಯರಿಗೂ ತರಬೇತಿ ಸಿಕ್ಕಿತು. ಕೇಂದ್ರಗಳಲ್ಲಿ ಆರು ಅಗತ್ಯ ಔಷಧಿಗಳನ್ನು ಇರಿಸಿದರು. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟೋನ್ ಅವುಗಳಲ್ಲಿ ಒಂದು. ಪ್ರತಿ ರೋಗಿಗೂ ಸರಳವಾದ ದಾಖಲೆ, ತಿಂಗಳಿಗೊಮ್ಮೆ ವರದಿ. ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜೊತೆ ಅಂಕಿಅಂಶದ ಗುಮಾಸ್ತರೂ ಒಬ್ಬರಿದ್ದರು. ಯಾವ ಚರಿತ್ರೆಯಲ್ಲೂ ಗುಮಾಸ್ತರ ಹೆಸರು ಬರುವುದಿಲ್ಲ. ಆದರೆ ಯಾವ ಕೇಂದ್ರದಲ್ಲಿ ರೋಗಿಗಳು ಔಷಧಿ ಬಿಟ್ಟರು ಎಂಬುದು ಕಾಣಿಸುವುದು ಆ ತಿಂಗಳ ವರದಿಯಲ್ಲೇ.

1996ರಲ್ಲಿ ಬಳ್ಳಾರಿಯ ಮಾದರಿ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. ಮೊದಲಿಗೆ ನಾಲ್ಕು ಜಿಲ್ಲೆ, ಆಮೇಲೆ ನೂರಾರು. ಇಲ್ಲಿಂದ ಕಥೆ ಸ್ವಲ್ಪ ಕಹಿ. ಅನೇಕ ಜಿಲ್ಲೆಗಳಲ್ಲಿ ಹಣ ಬಂದರೂ ಖರ್ಚಾಗಲಿಲ್ಲ, ಮನೋವೈದ್ಯರ ಹುದ್ದೆಗಳು ಖಾಲಿ ಉಳಿದವು. ಮೌಲ್ಯಮಾಪನಕ್ಕೆ ಹೋದವರು ಇದನ್ನು ಮುಚ್ಚಿಡದೆ ಬರೆದರು. ಕಾರ್ಯಕ್ರಮ ಕಟ್ಟಿದ ಶ್ರೀನಿವಾಸಮೂರ್ತಿಯವರೇ ಅದರ ಕೊರತೆಗಳನ್ನು ಎತ್ತಿ ತೋರಿಸಿದವರಲ್ಲಿ ಒಬ್ಬರು. ತಾನೇ ನೆಟ್ಟ ಗಿಡ ಸೊರಗಿದೆ ಎಂದು ಊರ ಮುಂದೆ ಹೇಳುವುದು ಸುಲಭವಲ್ಲ.

ಅವರ ಬಳಗ 2005ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವನ್ನು ನೀವು ಗಮನಿಸಬೇಕು. ಕರ್ನಾಟಕದ ಗ್ರಾಮೀಣ ಭಾಗದಲ್ಲಿ, ಚಿಕಿತ್ಸೆಯನ್ನೇ ಪಡೆಯದಿದ್ದ ಸ್ಕಿಜೋಫ್ರೀನಿಯಾ ರೋಗಿಗಳು 100 ಮಂದಿಯನ್ನು ಆರಿಸಿ ಔಷಧಿಯನ್ನೂ ಮಾನಸಿಕ, ಸಾಮಾಜಿಕ ಬೆಂಬಲವನ್ನೂ ಕೊಟ್ಟರು. ಮೂರು ತಿಂಗಳಿಗೊಮ್ಮೆಯಂತೆ ಒಂದೂವರೆ ವರ್ಷ ಹೋಗಿ ನೋಡಿದರು. ರೋಗ ಎಷ್ಟು ಇಳಿಯಿತು ಎಂದು ಕೇಳಿದಂತೆ ಮನೆಯವರ ಹೊರೆ ಎಷ್ಟು ಇಳಿಯಿತು, ಕಾವಲು ಕೂರುವುದರಲ್ಲಿ ಎಷ್ಟು ಸಮಯ ಹೋಗುತ್ತಿತ್ತು ಎಂದೂ ಕೇಳಿದರು. ಔಷಧಿಗೆ ಖರ್ಚು ಬಿತ್ತು, ನಿಜ; ಆದರೆ ಆರೈಕೆಗೆ ಹೋಗುತ್ತಿದ್ದ ಮನೆಯವರ ಸಮಯ ಉಳಿಯಿತು. ಜೋಳದ ಸುಗ್ಗಿಯಲ್ಲಿ ತಾಯಿ ಹೊಲಕ್ಕೆ ಹೋಗಬಲ್ಲಳೇ ಎಂಬುದೂ ಹೀಗೆ ವೈದ್ಯಶಾಸ್ತ್ರದ ಲೆಕ್ಕಕ್ಕೆ ಬಂತು.

2014ರಲ್ಲಿ ಕರ್ನಾಟಕ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ಆರಂಭಿಸಿತು. ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬಂದು ರೋಗಿಗಳನ್ನು ನೋಡಬೇಕೆಂಬುದು ಅದರ ಯೋಜನೆ. 2022ರಿಂದ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಪರೀಕ್ಷೆಯ ಭಯಕ್ಕೂ ನೀವು ಇದನ್ನು ಬಳಸಬಹುದು.

ಇನ್ನು ದೇಶದ ದೊಡ್ಡ ಲೆಕ್ಕ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿಲ್ಲ ಎಂದು ಅದು ತಿಳಿಸಿತು. ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಪೂರ್ವಭಾವಿ ಪ್ರಯೋಗ ನಮ್ಮ ಕೋಲಾರದಲ್ಲಿ ಆಗಿತ್ತು, ಆದರೆ ಆ ಹನ್ನೆರಡರಲ್ಲಿ ಕರ್ನಾಟಕ ಸೇರಿರಲಿಲ್ಲ. ಆ ವರ್ಷದ ಲೆಕ್ಕದಲ್ಲಿ ಬೈಲಹೊಂಗಲದ, ಸವದತ್ತಿಯ, ರಾಮದುರ್ಗದ ಒಂದು ಮನೆಯೂ ಇಲ್ಲ.