ಗಾಳಿಗೆ ಮುಖ, ಧೂಳಿಗೆ ಬೆನ್ನು: ಯಜ್ದ್ ಸೀಮೆಯ ಬಾದ್‌ಗೀರ್‌ಗಳು

ಇರಾನಿನ ನಡುಭಾಗದಲ್ಲಿ, ದಶ್ತ್-ಎ-ಕವೀರ್ ಮತ್ತು ದಶ್ತ್-ಎ-ಲೂತ್ ಎಂಬ ಎರಡು ಮರುಭೂಮಿಗಳ ಮಧ್ಯೆ ನೆಲೆಗೊಂಡ ಯಜ್ದ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ 60 ಮಿಲಿಮೀಟರಿನ ಆಸುಪಾಸು ಮಾತ್ರ. ಬೇಸಿಗೆಯ ತಾಪ 40 ಡಿಗ್ರಿ ದಾಟುವ ಈ ಊರಿನ ಮನೆಗಳ ಮೇಲೆದ್ದಿರುವ ಬಾದ್‌ಗೀರ್‌ಗಳು, ಎಂದರೆ ಮೇಲಿನ ಗಾಳಿಯನ್ನು ಹಿಡಿದು ಕೋಣೆಗಳಿಗೆ ಇಳಿಸುವ ಇಟ್ಟಿಗೆ-ಮಣ್ಣಿನ ಗೋಪುರಗಳು, ತಂಪಿನ ಸಾಧನಗಳೆಂದೇ ಹೆಸರಾಗಿವೆ. ಈ ಖ್ಯಾತಿ ಅಪೂರ್ಣವಾದುದು. ಗೋಪುರದ ಬಾಯಿ ಯಾವ ದಿಕ್ಕಿಗೆ ತೆರೆಯಬೇಕೆಂಬುದನ್ನು ತೀರ್ಮಾನಿಸಿದ್ದರಲ್ಲಿ ಸೆಕೆಯೊಂದಿಗೆ ಧೂಳಿನ ಪಾಲೂ ಇದೆ.

ಇದಕ್ಕೆ ಉತ್ತಮ ಸಾಕ್ಷ್ಯ ಯಜ್ದ್‌ಗೂ ಅದರ ನೆರೆಯ ಅರ್ದಕಾನ್, ಮೇಬೋದ್ ಪಟ್ಟಣಗಳಿಗೂ ಇರುವ ವ್ಯತ್ಯಾಸ. ಯಜ್ದ್ ನಗರದಲ್ಲಿ ನಾಲ್ಕು ಅಥವಾ ಎಂಟು ಮುಖದ ಗೋಪುರಗಳು ಸಾಮಾನ್ಯವಾಗಿದ್ದು, 18ನೆಯ ಶತಮಾನದಲ್ಲಿ ನಿರ್ಮಾಣವಾದ ದೌಲತಾಬಾದ್ ಉದ್ಯಾನದ ಅಷ್ಟಮುಖದ ಬಾದ್‌ಗೀರ್ 33 ಮೀಟರಿಗೂ ಎತ್ತರವಾಗಿದೆ. ಮರುಭೂಮಿಯ ಬಿರುಗಾಳಿಗೆ ಹೆಚ್ಚು ತೆರೆದುಕೊಂಡ ಅರ್ದಕಾನ್ ಮತ್ತು ಮೇಬೋದ್‌ಗಳಲ್ಲಾದರೋ ಗೋಪುರಗಳಿಗೆ ಒಂದೇ ಬಾಯಿ. ಅದು ಹಿತವಾದ ಗಾಳಿ ಬರುವ ಕಡೆಗೆ ತೆರೆದಿದ್ದರೆ, ಧೂಳು ಹೊತ್ತು ಬರುವ ಗಾಳಿಗೆ ಎದುರಾಗುವುದು ಗೋಪುರದ ಮುಚ್ಚಿದ ಬೆನ್ನು.

ಎತ್ತರಕ್ಕೂ ಕಾರಣವಿದೆ. ಬಿರುಗಾಳಿಯಲ್ಲಿ ದಪ್ಪ ಮರಳಿನ ಕಣಗಳು ನೆಲಕ್ಕೆ ಸಮೀಪದಲ್ಲೇ ಕುಪ್ಪಳಿಸುತ್ತ ಸಾಗುವುದರಿಂದ ಚಾವಣಿಯ ಮೇಲಿನ ಗಾಳಿಯಲ್ಲಿ ಅವು ವಿರಳ. ಆದರೆ ನಯವಾದ ಧೂಳು ಎಷ್ಟೆತ್ತರಕ್ಕಾದರೂ ಏರಬಲ್ಲದಾದ್ದರಿಂದ ಅದರ ಮುಂದೆ ಎತ್ತರದ ಉಪಾಯ ನಡೆಯದು. ಒಳಬಂದ ಗಾಳಿ ವಿಶಾಲವಾದ ಕೊಳವೆಯಲ್ಲಿ ವೇಗ ಕಳೆದುಕೊಂಡಾಗ ಭಾರದ ಕಣಗಳು ತಳದಲ್ಲಿ ಉಳಿಯುತ್ತಿದ್ದವು. ಅನುಕೂಲಸ್ಥರ ಮನೆಗಳಲ್ಲಿ ಕೊಳವೆಯ ಕೆಳಗೆ ಇರುತ್ತಿದ್ದ ನೀರಿನ ತೊಟ್ಟಿ ಗಾಳಿಯನ್ನು ತಂಪುಗೊಳಿಸುವುದರ ಜೊತೆಗೆ ಧೂಳಿನ ಒಂದಂಶವನ್ನೂ ಹಿಡಿದಿಡುತ್ತಿತ್ತು. ಗೋಪುರದ ಗೋಡೆಗಳಿಂದ ಹೊರಚಾಚಿರುವ ಮರದ ತೊಲೆಗಳು ನೋಡುವವರಿಗೆ ಅಲಂಕಾರವೆನಿಸಿದರೂ, ಕಟ್ಟಡವನ್ನು ಬಿಗಿಹಿಡಿಯುವುದಲ್ಲದೆ ದುರಸ್ತಿಗೆ ಏರುವವರಿಗೆ ಮೆಟ್ಟಿಲೂ ಆಗಿದ್ದವು. ಹುಲ್ಲು ಬೆರೆಸಿದ ಮಣ್ಣಿನ ಗಿಲಾವನ್ನು ಆಗಾಗ ಹೊಸದಾಗಿ ಬಳಿಯಲೇಬೇಕಿತ್ತು.

ಪೂರ್ವದ ಸೀಸ್ತಾನ್ ಪ್ರದೇಶದಲ್ಲಿ, ಬೇಸಿಗೆಯುದ್ದಕ್ಕೂ ಬೀಸುವ ‘120 ದಿನಗಳ ಗಾಳಿ’ಗೆ ಬೇರೆಯೇ ಉತ್ತರವಿತ್ತು. ಗಾಳಿಗೆ ಎದುರಾದ ಕಿಂಡಿಗಳಿಗೆ ಒಂಟೆಮುಳ್ಳಿನ ಪೊದೆಗಳನ್ನು ತುಂಬಿ ನೀರೆರಚುವ ‘ಖಾರ್‌ಖಾನೆ’ ಎಂಬ ಈ ಏರ್ಪಾಡು, ಉತ್ತರ ಭಾರತದ ಲಾವಂಚದ ತಟ್ಟಿಯನ್ನು ಬಲ್ಲವರಿಗೆ ಅಪರಿಚಿತವಲ್ಲ. ಒದ್ದೆ ಮುಳ್ಳಿನ ನಡುವೆ ನುಸುಳುವ ಗಾಳಿ ಧೂಳನ್ನು ಅಲ್ಲಿಯೇ ಬಿಟ್ಟು ಬರುವುದರಿಂದ, ಸೋಸುವ ಕೆಲಸದ ಮಟ್ಟಿಗೆ ಇದು ಯಜ್ದ್‌ನ ಭವ್ಯ ಗೋಪುರಗಳಿಗಿಂತ ಮೇಲೆಂದೇ ಹೇಳಬೇಕು.

20ನೆಯ ಶತಮಾನದ ಉತ್ತರಾರ್ಧದಲ್ಲಿ ಇರಾನಿನ ನಗರಗಳಲ್ಲಿ ಹರಡಿದ ನೀರಿನ ಕೂಲರ್ ಅನುಸರಿಸಿದ್ದು ಈ ಮುಳ್ಳಿನ ಕಿಂಡಿಯ ತತ್ತ್ವವನ್ನೇ. ಅದರೊಳಗಿನ ಮರದ ಎಳೆಗಳ ಒದ್ದೆ ಹಾಸುಗಳಲ್ಲಿ ಧೂಳು ನಿಲ್ಲುತ್ತದೆ, ಬೇಸಿಗೆಯ ಆರಂಭದಲ್ಲಿ ಅವನ್ನು ಬದಲಾಯಿಸುವುದೂ ಸುಲಭ. ಹತ್ತಾರು ಅಡಿ ಎತ್ತರದ ಇಟ್ಟಿಗೆ ಕೊಳವೆಗೆ ಅಂಥ ಅನುಕೂಲವಿರಲಿಲ್ಲ. ಬಾದ್‌ಗೀರ್‌ಗಳ ಕಾರ್ಯವಿಧಾನವನ್ನು ವೈಜ್ಞಾನಿಕವಾಗಿ ಅಧ್ಯಯನ ಮಾಡಿ 1978ರಲ್ಲಿ ಜಗತ್ತಿನ ಓದುಗರಿಗೆ ಪರಿಚಯಿಸಿದ ಇರಾನಿನ ಎಂಜಿನಿಯರ್ ಮೆಹ್ದಿ ಬಹಾದೋರಿ, ಧೂಳು, ಕೀಟ ಮತ್ತು ಸಣ್ಣ ಹಕ್ಕಿಗಳು ಒಳನುಗ್ಗುವುದನ್ನು ಅವುಗಳ ದೋಷಗಳಲ್ಲಿ ಎಣಿಸಿದರು. ಮುಂದೆ ಅವರು ಸೂಚಿಸಿದ ಸುಧಾರಿತ ವಿನ್ಯಾಸಗಳಲ್ಲಿ ಒಂದು, ಗೋಪುರದ ಬಾಯಿಗೇ ಒದ್ದೆ ಹಾಸುಗಳನ್ನು ಅಳವಡಿಸುವುದಾಗಿತ್ತು.