ಎನ್‌ಐವಿ ಮಾಸ್ಕ್
ಎನ್‌ಐವಿ (ನಾನ್-ಇನ್ವೇಸಿವ್ ವೆಂಟಿಲೇಷನ್) ಮಾಸ್ಕ್: ತೀವ್ರ ಉಸಿರಾಟ ವೈಫಲ್ಯದಲ್ಲಿ ಶ್ವಾಸನಾಳಕ್ಕೆ ಕೊಳವೆ ಇಳಿಸದೆ ವೆಂಟಿಲೇಟರಿನ ಒತ್ತಡದ ಗಾಳಿಯನ್ನು ರೋಗಿಗೆ ತಲುಪಿಸುವ ಸಾಧನ. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ನಿದ್ರಾ ಉಸಿರುಕಟ್ಟುವಿಕೆಗೆ ಮೂಗಿನ ಮಾಸ್ಕ್ ಬಳಸಿದ ವಿಧಾನವನ್ನು ಪ್ರಕಟಿಸಿದ ನಂತರ ಇದರ ಬಳಕೆ ಬೆಳೆಯಿತು. ಮೂಗಿನದು, ಮೂಗು-ಬಾಯಿಯದು, ಪೂರ್ಣಮುಖದ್ದು, ಹೆಲ್ಮೆಟ್ ಎಂಬವು ಮುಖ್ಯ ಬಗೆಗಳು.

ಏದುಸಿರಿನ ರೋಗಿ ಬಾಯಿಯಿಂದಲೂ ಉಸಿರಾಡುವುದರಿಂದ ಸಾಮಾನ್ಯವಾಗಿ ಮೂಗು-ಬಾಯಿ ಮಾಸ್ಕ್ ಮೊದಲ ಆಯ್ಕೆ. ಮೂಗಿನ ಮಾಸ್ಕ್‌ನಲ್ಲಿ ಗಾಳಿ ಬಾಯಿಂದ ಸೋರುತ್ತದೆ. ಮೂಗಿನ ದಿಂಡಿನ ಮೇಲೆ ಹುಣ್ಣಾದರೆ ಪೂರ್ಣಮುಖದ ಮಾಸ್ಕ್ ಅನುಕೂಲ. ಹೆಲ್ಮೆಟ್ ಚರ್ಮಕ್ಕೆ ಹಿತವಾದರೂ ಗಾಳಿಯ ಹರಿವು ಸಾಲದಿದ್ದರೆ ಅದರೊಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತದೆ. ಒಂದೇ ಕೊಳವೆಯ ವೆಂಟಿಲೇಟರಿಗೆ ಮಾಸ್ಕ್‌ನಲ್ಲಿ ಅಥವಾ ಕೊಳವೆಯಲ್ಲಿ ನಿಶ್ವಾಸದ ರಂಧ್ರ ಬೇಕು. ಎರಡು ಕೊಳವೆಯದಕ್ಕೆ ರಂಧ್ರರಹಿತ ಮಾಸ್ಕ್ ಬೇಕು.

ಅಳತೆಯನ್ನು ತಯಾರಕರ ಮಾಪಕದಿಂದ ನಿರ್ಧರಿಸಲಾಗುತ್ತದೆ. ಪಟ್ಟಿಯನ್ನು ಅತಿ ಬಿಗಿದರೆ ಚರ್ಮ ಗಾಯಗೊಳ್ಳುತ್ತದೆ, ಸಡಿಲಿಸಿದರೆ ಗಾಳಿ ಕಣ್ಣಿನತ್ತ ಸೋರುತ್ತದೆ. ವಾಂತಿಯಾದಾಗ ತಕ್ಷಣ ಕಳಚುವಂತಿರುವುದು ಅಗತ್ಯ.

ಕೋವಿಡ್‌ನಂಥ ಸೋಂಕಿನಲ್ಲಿ ಸೋರಿಕೆಯಿಂದ ವೈರಾಣು ಹರಡಬಹುದಾದ್ದರಿಂದ ರಂಧ್ರರಹಿತ ಮಾಸ್ಕ್‌ಗೂ ನಿಶ್ವಾಸದ ದಾರಿಯಲ್ಲಿ ಫಿಲ್ಟರಿಗೂ ಪ್ರಾಶಸ್ತ್ಯವಿದೆ.