ಗಣಕಯಂತ್ರದ ಸುಪ್ತಸ್ಥಿತಿ ಮತ್ತು ಪುನರಾರಂಭ

ಸುಪ್ತಸ್ಥಿತಿ ಎಂಬುದು ಗಣಕಯಂತ್ರದಲ್ಲಿ ತೆರೆದಿರುವ ಕಡತ ಹಾಗೂ ತಂತ್ರಾಂಶಗಳನ್ನು ಮುಚ್ಚದೆ, ಅವುಗಳ ಸ್ಥಿತಿಯನ್ನು ಉಳಿಸಿಕೊಂಡು ವಿದ್ಯುತ್ ಬಳಕೆಯನ್ನು ತಗ್ಗಿಸುವ ಅಥವಾ ಪೂರ್ಣವಾಗಿ ನಿಲ್ಲಿಸುವ ವ್ಯವಸ್ಥೆ. ಈ ಸ್ಥಿತಿಯಿಂದ ಯಂತ್ರವನ್ನು ಮರಳಿ ಕೆಲಸಕ್ಕೆ ತರುವ ಕ್ರಿಯೆಯನ್ನು ಪುನರಾರಂಭ ಅಥವಾ ರೆಸ್ಯೂಮ್ ಎನ್ನುತ್ತಾರೆ. ಪರದೆ ಬೆಳಗಿದೊಡನೆ ಪುನರಾರಂಭ ಮುಗಿಯುವುದಿಲ್ಲ. ಬಳಕೆದಾರನಿಗೆ ಬೇಕಾದ ಮಾಹಿತಿಯು ಮೆಮೊರಿಗೆ ಮರಳಿದಾಗಲಷ್ಟೇ ಅದು ಪೂರ್ಣಗೊಳ್ಳುತ್ತದೆ.

ವಿಧಗಳು

ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು 1996ರಲ್ಲಿ ಪ್ರಕಟಿಸಿದ ಎಸಿಪಿಐ ಮಾನದಂಡವು ಈ ಸ್ಥಿತಿಗಳಿಗೆ ಕ್ರಮಸಂಖ್ಯೆ ನೀಡಿತು. ಎಸ್3 ಸ್ಥಿತಿಯಲ್ಲಿ ರ‍್ಯಾಮ್‌ಗೆ ಮಾತ್ರ ವಿದ್ಯುತ್ ಹರಿಯುತ್ತಿದ್ದು, ಉಳಿದ ಬಹುತೇಕ ಭಾಗಗಳು ಸ್ತಬ್ಧವಾಗಿರುತ್ತವೆ. ಯಂತ್ರವು ಕೆಲವೇ ಸೆಕೆಂಡುಗಳಲ್ಲಿ ಎಚ್ಚರಗೊಳ್ಳುತ್ತದೆ. ಆದರೆ ವಿದ್ಯುತ್ ತಪ್ಪಿದರೆ ಉಳಿಸದ ಕೆಲಸ ನಾಶವಾಗುತ್ತದೆ. ಎಸ್4 ಅಥವಾ ಹೈಬರ್ನೇಷನ್‌ನಲ್ಲಿ ರ‍್ಯಾಮ್‌ನ ಪ್ರತಿಬಿಂಬವನ್ನು ಡಿಸ್ಕ್‌ಗೆ ಬರೆದು ಯಂತ್ರವನ್ನು ಆರಿಸಲಾಗುತ್ತದೆ. ವಿದ್ಯುತ್ ಕಡಿತ ಸಾಮಾನ್ಯವಾಗಿರುವ, ಯುಪಿಎಸ್ ಇಲ್ಲದ ಕಡೆಗಳಲ್ಲಿ ಎರಡನೆಯದೇ ಸುರಕ್ಷಿತ. ಆದರೆ ಅದರ ಪುನರಾರಂಭ ನಿಧಾನ.

ವಿಳಂಬದ ಕಾರಣ

ಅಜ್ಜಂಪುರ, ತರೀಕೆರೆ ಅಥವಾ ಕಡೂರಿನ ಡಿಟಿಪಿ ಕೇಂದ್ರವೊಂದರಲ್ಲಿ ಸೆಕೆಂಡಿಗೆ 100 ಎಂಬಿ ಓದಬಲ್ಲ ಹಳೆಯ ಹಾರ್ಡ್ ಡಿಸ್ಕ್ ಇದೆಯೆಂದು ಭಾವಿಸೋಣ. 4 ಜಿಬಿ ಗಾತ್ರದ ಪ್ರತಿಬಿಂಬವನ್ನು ಅನುಕ್ರಮವಾಗಿ ಓದಲು ಅದಕ್ಕೆ ಸುಮಾರು 40 ಸೆಕೆಂಡು ಬೇಕು. ಪ್ರತಿಬಿಂಬವನ್ನು ಕಿರಿದಾಗಿಸಿದರೆ ಈ ಸಮಯ ಇಳಿಯುತ್ತದೆ. ಹೀಗೆ ಮಾಡಲು ಕಾರ್ಯಾಚರಣಾ ವ್ಯವಸ್ಥೆಯು ಕಡತಗಳ ಕ್ಯಾಶ್ ಅನ್ನು ಕೈಬಿಡುತ್ತದೆ ಮತ್ತು ಕೆಲವು ಪುಟಗಳನ್ನು ಸ್ವಾಪ್‌ಗೆ ತಳ್ಳುತ್ತದೆ.

ಆದರೆ ಕೈಬಿಟ್ಟ ಪುಟಗಳು ಬೇಕಾದಾಗ ಮತ್ತೆ ಡಿಸ್ಕ್‌ನಿಂದಲೇ ಬರಬೇಕು. 4 ಕೆಬಿ ಗಾತ್ರದ ಪುಟಗಳಲ್ಲಿ ಎಣಿಸಿದರೆ 1 ಜಿಬಿಯಲ್ಲಿ 2,62,144 ಪುಟಗಳಿವೆ. ಅವು ಡಿಸ್ಕ್‌ನಲ್ಲಿ ಚದುರಿದ್ದು, ಪ್ರತಿಯೊಂದನ್ನು ಹುಡುಕಲು 10 ಮಿಲಿಸೆಕೆಂಡು ತಗಲಿದರೆ ಒಟ್ಟು ಸಮಯ 40 ನಿಮಿಷಗಳನ್ನು ಮೀರುತ್ತದೆ. ಅಷ್ಟನ್ನೇ ಅನುಕ್ರಮವಾಗಿ ಓದಲು ಸುಮಾರು 10 ಸೆಕೆಂಡು ಸಾಕು. ಅಕ್ಕಪಕ್ಕದ ಪುಟಗಳನ್ನು ಮುಂಚಿತವಾಗಿ ಓದುವುದರಿಂದ ವಾಸ್ತವದಲ್ಲಿ ವಿಳಂಬ ಇದಕ್ಕಿಂತ ಕಡಿಮೆಯಿರುತ್ತದೆ. ಆದರೂ ಎಚ್ಚರಗೊಂಡ ಯಂತ್ರವು ಕೆಲಕಾಲ ಮಂದವಾಗಿರಲು ಇದೇ ಪ್ರಮುಖ ಕಾರಣ.

ಮೆಮೊರಿ ನಿರ್ವಹಣೆಯ ವಿಧಾನಗಳು

ಲಿನಕ್ಸ್ ಕರ್ನೆಲ್‌ನ ಹೈಬರ್ನೇಷನ್ ವ್ಯವಸ್ಥೆಯು ಮೊದಲು ರ‍್ಯಾಮ್‌ನೊಳಗೇ ಪ್ರತಿಬಿಂಬದ ನಕಲನ್ನು ಸಿದ್ಧಪಡಿಸುತ್ತದೆ. ಮೂಲ ಮತ್ತು ನಕಲು ಎರಡಕ್ಕೂ ಸ್ಥಳ ಬೇಕಾದ್ದರಿಂದ ಪ್ರತಿಬಿಂಬವು ರ‍್ಯಾಮ್‌ನ ಅರ್ಧವನ್ನು ಮೀರುವಂತಿಲ್ಲ. ಪೂರ್ವನಿಯೋಜಿತ ಗುರಿಯು ಲಭ್ಯ ರ‍್ಯಾಮ್‌ನ ಸುಮಾರು 2/5 ಭಾಗ. ಇದನ್ನು 'ಇಮೇಜ್ ಸೈಜ್' ಎಂಬ ಮೌಲ್ಯದಿಂದ ಬದಲಾಯಿಸಬಹುದು. ಈ ಮೌಲ್ಯವನ್ನು ಹೆಚ್ಚಿಸಿದರೆ ಪ್ರತಿಬಿಂಬ ದೊಡ್ಡದಾಗುತ್ತದೆ, ಆದರೆ ಹೆಚ್ಚು ಪುಟಗಳು ಒಟ್ಟಿಗೆ ಮರಳುತ್ತವೆ.

ನೈಜೆಲ್ ಕನಿಂಗ್‌ಹ್ಯಾಮ್ ಅಭಿವೃದ್ಧಿಪಡಿಸಿದ ಟಕ್ಸ್‌ಆನ್‌ಐಸ್ ಈ ಮಿತಿಯನ್ನು ಬೇರೆ ರೀತಿಯಲ್ಲಿ ದಾಟಿತು. ಅದು ಕ್ಯಾಶ್ ಪುಟಗಳನ್ನು ಮೊದಲೇ ಡಿಸ್ಕ್‌ಗೆ ಬರೆದು, ಅವು ಇದ್ದ ಸ್ಥಳವನ್ನೇ ಉಳಿದ ಮೆಮೊರಿಯ ನಕಲಿಗೆ ಬಳಸಿಕೊಳ್ಳುತ್ತಿತ್ತು. ಹೀಗಾಗಿ ಬಹುಮಟ್ಟಿಗೆ ಇಡೀ ಮೆಮೊರಿಯನ್ನು ಉಳಿಸಲು ಸಾಧ್ಯವಾಯಿತು. ಈ ಯೋಜನೆಯು ಮುಖ್ಯ ಕರ್ನೆಲ್‌ಗೆ ಸೇರ್ಪಡೆಯಾಗಲಿಲ್ಲ.

ಮತ್ತೊಂದು ವಿಧಾನ ಸಂಕುಚನ. ಎಲ್‌ಜೆಡ್‌ಒನಂತಹ ವೇಗದ ಕ್ರಮವಿಧಿಯಿಂದ ಪ್ರತಿಬಿಂಬವು ಅರ್ಧಕ್ಕಿಳಿದರೆ ಓದುವ ಸಮಯವೂ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 2012ರಲ್ಲಿ ಬಿಡುಗಡೆಯಾದ ವಿಂಡೋಸ್ 8ರ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯವು ಬಳಕೆದಾರನ ತಂತ್ರಾಂಶಗಳನ್ನು ಮುಚ್ಚಿ, ಕರ್ನೆಲ್ ಭಾಗವನ್ನು ಮಾತ್ರ ಉಳಿಸುತ್ತದೆ. ಇದರಿಂದ ಯಂತ್ರ ಬೇಗ ಆರಂಭವಾದರೂ ತೆರೆದಿಟ್ಟ ಕೆಲಸ ಮರಳುವುದಿಲ್ಲ.

ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯಲ್ಲಿ ಚದುರಿದ ಪುಟಗಳನ್ನೂ ಶೀಘ್ರವಾಗಿ ಓದಬಹುದಾದ್ದರಿಂದ ಈ ಸಮಸ್ಯೆಯ ತೀವ್ರತೆ ಕಡಿಮೆ.

ಮಿತಿಗಳು

ಪ್ರತಿಬಿಂಬದಲ್ಲಿ ಗುಪ್ತಪದಗಳೂ ಸೇರಿರಬಹುದಾದ್ದರಿಂದ ಅದನ್ನು ಗೂಢಲಿಪೀಕರಿಸುವುದು ಸೂಕ್ತ. ಯಂತ್ರವು ಹೈಬರ್ನೇಷನ್‌ನಲ್ಲಿರುವಾಗ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಿಂದ ಅದೇ ಡಿಸ್ಕ್ ವಿಭಾಗಕ್ಕೆ ಬರೆದರೆ, ಮೆಮೊರಿಯಲ್ಲಿರುವ ವಿವರಕ್ಕೂ ಡಿಸ್ಕ್‌ನಲ್ಲಿರುವ ವಿವರಕ್ಕೂ ತಾಳೆಯಾಗದೆ ಕಡತಗಳು ಕೆಡಬಹುದು.